ಡಲ್ಸಿಬಾಯಿ ಹಾಡು ನಿಂತದ್ದು

ಸೌತ್‌ಫೀಲ್ಡ್, ರವಿವಾರ

ಅಕ್ಕಾ, ನಿನ್ನೆ ಕಂಡದ್ದಕ್ಕ ಇನ್ನೂ ಎದಿ ಡವಡವ ಅನ್ನಲಿಕ್ಕೆ ಹತ್ತದ. ಮಗಳ ಮನಿ ಬಾಜೂಕ ಜಮೈಕಾದ ಡಲ್ಸಿಬಾಯಿ ಇದ್ದಾಳ. ಹದಿನಾರನೇ ವಯಸ್ಸಿಗೇ ತಮ್ಮ ದೇಶದಾಗ ಹಾಡಿನ ರೆಕಾರ್ಡ್ ಕೊಟ್ಟಾಕಿ. ಇಲ್ಲೆ ಬಂದು ನಲವತ್ತು ವರ್ಷ ಸ್ಕೂಲ್ ಬಸ್ ನಡಸಿದಳು, ಆದರ ಶನಿವಾರಕ್ಕೊಮ್ಮೆ ರೆಗೆ, ಡಾನ್ಸ್‌ಹಾಲ್ ಅಂತ ತಮ್ಮ ಕಡೀ ಕುಣಿಯೋ ಹಾಡು ಹಾಡೋದು ಬಿಡಲಿಲ್ಲ. ನಿನ್ನೆ ಆ ಹಾಡಿನ ಹಾಲಿಗೆ ನನ್ನನ್ನೂ ಮಗಳನ್ನೂ ಕರಕೊಂಡು ಹೋಗಿದ್ದಳು.

ಆಕಿ ಎರಡು ಸಾಲು ಹಾಡಿದ್ದಳೋ ಇಲ್ಲೋ, ಮಂದಿ ಎದ್ದು ಒದರಿ ಗ್ವಾಡಿ ಬಡೀಲಿಕ್ಕೆ ಹತ್ತಿದರು. ಹಾಡು ಫಟ್ಟನ ನಿಂತಿತು. ಗದಗಿನ ನಾಟಕದಾಗ ಮಂದಿ ತಗಡು ಬಡಿದು ನಿನ್ನ ಸ್ಟೇಜಿನಿಂದ ಇಳಿಸಿದ್ದು, ಅವತ್ತಿಂದ ನೀ ಹಾಡೋದು ಬಿಟ್ಟಿದ್ದು, ಎಲ್ಲಾ ಕಣ್ಣಮುಂದ ಬಂತು. ಆಕೀನ್ನ ಕೆಳಗ ಇಳಸಿಕೊಂಡು ಬರೋಣಂತ ಎದ್ದೆ. ಮಗಳು ಅಂಗಿ ಜಗ್ಗಿ ಕೂಡಿಸಿದಳು. "ಅಪ್ಪಾ, ಇವರು ಹಿಂಗ ಬಡದ್ರ ಒನ್ಸ್ ಮೋರ್ ಅಂತ ಅರ್ಥ."

ಡಲ್ಸಿಬಾಯಿ ನಕ್ಕೋತ ಮೊದಲಿಂದ ಹಾಡಿದಳು. ನಾಕು ಸಲ ಬಡದರು, ನಾಕು ಸಲ ಹಾಡಿದಳು. ಎಪ್ಪತ್ತೊಂದು ಆಕಿಗೆ, ನಿನಗಿಂತ ಎರಡು ವರ್ಷ ದೊಡ್ಡಾಕಿ.

ನನ್ನ ಬಿಪಿ ಗುಳಿಗಿ ಇನ್ನೂ ಇಪ್ಪತ್ತು ದಿನಕ್ಕ ಅವ, ಅವು ಮುಗಿಯೋದ್ರಾಗ ಊರಿಗೆ ಬರ್ತೀನಿ. ಕಾರ್ಡಿನ್ಯಾಗ ಜಾಗಾ ಮುಗೀತು. ಅಟ್ಟದ ಮ್ಯಾಲಿನ ನಿನ್ನ ಹಾರ್ಮೋನಿಯಂ ಇಳಸಿ ಒರಸಿಡು. ನಾ ಬಂದ ದಿನ ನಿನ್ನ ಗ್ವಾಡಿ ಬಡೀತೀನಿ.

ತಮ್ಮ ಶಿವಪುತ್ರ