ಮಡಿಕೆಗೆ ಬಿದ್ದ ಮುಖ

ಮಾರ್ಚ್ 3, ಸೋಮವಾರ

ನಾನು ವಿನ್ಯಾಸ ಮಾಡಿದ ಲಾಂಡ್ರಿ ಲೇಖನದ ಪುಟ ಮತ್ತೆ ವಾಪಸ್. ಹೆಡ್ಡಿಂಗ್ ದೊಡ್ಡದಾಯಿತಂತೆ. ಹೋದ ಸಲ ಚಿಕ್ಕದಾಗಿತ್ತು. ಸಂಪಾದಕರ ಕಣ್ಣಿಗೆ ಯಾವ ಅಳತೆ ಹಿಡಿಸುತ್ತದೋ ಆ ದೇವರೇ ಬಲ್ಲ.

ಮಧ್ಯಾಹ್ನ ಫೋಟೋಗ್ರಾಫರ್ ಚಿತ್ರ ಕಳಿಸಿದ. ಇಸ್ತ್ರಿ ಕೋಣೆ, ತುಂಬ ಆವಿ, ಸಾಲಾಗಿ ಹೆಂಗಸರು. ಝೂಮ್ ಮಾಡಿದೆ. ಸಾಲಿನ ನಡುವೆ ಅಕ್ಕ. ಅವಳು ಕೆಲಸ ಮಾಡುವುದು ಅಲ್ಲೇ, ಆದರೆ ಚಿತ್ರಕ್ಕೆ ಸಿಕ್ಕಿದ್ದೇನೆಂದು ಹೇಳಿರಲಿಲ್ಲ. ತಲೆ ಎತ್ತಿ ನಗುತ್ತಿದ್ದಾಳೆ.

ಭಾವನ ಮನೆ ಬಿಟ್ಟು ನನ್ನ ರೂಮಿಗೆ ಬಂದಾಗ ಅವಳ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಭಾವ ಬೂಟು ಕುಟ್ಟುತ್ತ ಹುಡುಕಿಕೊಂಡು ಬಂದ ಮೇಲೆ ನಾನು ರೂಮು ಬದಲಿಸಿದೆ. ಹೊಸ ವಿಳಾಸ ಆಫೀಸಿಗೂ ಕೊಟ್ಟಿಲ್ಲ. ಕೊಟ್ಟರೆ ಕೆಟ್ಟೆ. ಸಂಪಾದಕರು ಭಾವನ ಜೀವದ ಗೆಳೆಯ, ಅಕ್ಕನನ್ನು ಮಾತ್ರ ಭಾವ ಅವರಿಗೆ ಎಂದೂ ತೋರಿಸಿಲ್ಲ. ನನ್ನನ್ನು ಈ ಕೆಲಸಕ್ಕೆ ಸೇರಿಸಿದ್ದೇ ಭಾವ. ಪ್ರತಿ ಸಂಚಿಕೆ ಓದಿ ಫೋನ್ ಬೇರೆ ಮಾಡುತ್ತಾನೆ. "ಪುಟ ಚೆನ್ನಾಗಿದೆ ಕಣಮ್ಮ. ಅಕ್ಕನ ಸುದ್ದಿ ಏನಾದ್ರೂ ಗೊತ್ತಾಯ್ತಾ?" ಎಷ್ಟು ಮೆತ್ತಗಿನ ದನಿ.

ಚಿತ್ರ ಕತ್ತರಿಸಿದೆ. ಎಡಗಡೆಯ ಇಬ್ಬರು ಹೆಂಗಸರು ಮಾತ್ರ ಉಳಿದರು.

ಮಾರ್ಚ್ 4, ಮಂಗಳವಾರ

"ಆವಿ ಎಲ್ಲಿ ಹೋಯ್ತಮ್ಮ? ಆ ಸಾಲೇ ಚಿತ್ರದ ಜೀವ. ಎರಡು ಪುಟಕ್ಕೆ ಪೂರ್ತಿ ಹಾಕು," ಎಂದರು ಸಂಪಾದಕರು.

ಬೇರೆ ಚಿತ್ರ ಕೇಳಿದೆ. ಇದಕ್ಕೇನಾಗಿದೆ ಎಂದರು. ಪುಟ ಎತ್ತಿಕೊಂಡು ಬಂದೆ.

ಮನೆಯಲ್ಲಿ ಅಕ್ಕ ಬಟ್ಟೆ ಮಡಿಸುತ್ತಿದ್ದಳು. ಹೇಳಬೇಕೆಂದು ಪಕ್ಕದಲ್ಲಿ ಕುಳಿತೆ. "ಯಾಕೇ, ದೆವ್ವ ನೋಡಿದವಳ ಥರ ನೋಡ್ತೀಯಾ?" ಎಂದಳು. "ಇನ್ನು ಮುಂದೆ ರಾತ್ರಿ ಬಾಗಿಲಿಗೆ ಕುರ್ಚಿ ಒತ್ತೋದು ಬೇಡ ಕಣೆ. ಧೈರ್ಯ ಬಂದಿದೆ." ಹಾಗೆಂದವಳಿಗೆ ಹೇಗೆ ಹೇಳುವುದು? ಹೇಳಿದರೆ ಮತ್ತೆ ಚೀಲ ಕಟ್ಟುತ್ತಾಳೆ. ಹೇಳಲಿಲ್ಲ.

ಮಾರ್ಚ್ 5, ಬುಧವಾರ

ಉಪಾಯ ಹೊಳೆಯಿತು. ಎರಡು ಪುಟ ಸೇರುವ ಮಡಿಕೆಯೊಳಗೆ ಹೋದದ್ದು ಯಾರಿಗೂ ಕಾಣುವುದಿಲ್ಲ. ಅಲ್ಲಿ ಮುಖ ಬೀಳಿಸಿದ್ದಕ್ಕೇ ಸೇರಿದ ಹೊಸದರಲ್ಲಿ ಬೈಗುಳ ತಿಂದಿದ್ದೆ. ಈಗ ಬೇಕೆಂದೇ ಬೀಳಿಸಿದೆ. ಚಿತ್ರವನ್ನು ಚೂರು ಚೂರೇ ಬಲಕ್ಕೆ ಸರಿಸಿ, ಅಕ್ಕನ ಮೂಗು ಸರಿಯಾಗಿ ಮಡಿಕೆಯ ಮೇಲೆ. ಪುಟ 10, ಪುಟ 11. ಒಂದು ಕಿವಿ ಇಲ್ಲಿ, ಒಂದು ಅಲ್ಲಿ, ಉಳಿದದ್ದು ಮಡಿಕೆಯ ಹೊಟ್ಟೆಯೊಳಗೆ.

ಫೋಟೋಗ್ರಾಫರ್ ಇಣುಕಿ ನೋಡಿದ. "ಅಯ್ಯೋ, ಆ ನಗೋ ಹೆಂಗಸಿನ ಮುಖಾನೇ ಮಡಿಕೆ ನುಂಗುತ್ತಲ್ರೀ. ಇಡೀ ಚಿತ್ರದಲ್ಲಿ ಚೆನ್ನಾಗಿ ಬಂದಿರೋದೇ ಅದು."

"ನುಂಗಲಿ ಬಿಡಿ. ಬೇರೆಯವರು ಇದಾರಲ್ಲ."

ಮುಖ ಸಪ್ಪೆ ಮಾಡಿಕೊಂಡು ಹೋದ. ಪಾಪ ಅನಿಸಿತು. ಫೈಲ್ ಕಳಿಸಿದೆ. ಸಂಪಾದಕರು ಒಪ್ಪಿದರು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಮಾರ್ಚ್ 14, ಶುಕ್ರವಾರ

ಸಂಚಿಕೆಯ ಕಟ್ಟು ಬಂತು. ಪುಟ 10 ತೆರೆದೆ. ಟೂತ್‌ಪೇಸ್ಟ್ ಜಾಹೀರಾತು. ಮುಂದೆ ತಿರುವಿದೆ...

ನಡುಪುಟ. ಪಿನ್ ಹೊಡೆಯುವ ಜಾಗ. ಇಡೀ ಪತ್ರಿಕೆಯಲ್ಲಿ ಒಂದೇ ಹಾಳೆ ಹರಡಿಕೊಳ್ಳುವುದು ಅಲ್ಲಿ. ಅಲ್ಲಿ ಮಡಿಕೆ ಏನನ್ನೂ ನುಂಗುವುದಿಲ್ಲ. ಅಕ್ಕ ಪೂರ್ತಿ ಮುಖ ತೋರಿಸಿಕೊಂಡು, ಎರಡು ಪಿನ್ನುಗಳ ನಡುವೆ, ನಗುತ್ತಿದ್ದಾಳೆ. ಕೆಳಗೆ ಲಾಂಡ್ರಿಯ ಹೆಸರು, ಬೀದಿ.

ಫೋಟೋಗ್ರಾಫರ್ ಹಲ್ಲು ಕಿರಿಯುತ್ತ ಬಂದ. "ನಾನೇ ಸರ್ ಹತ್ರ ಹೇಳಿ ಕೊನೇ ಗಳಿಗೇಲಿ ನಡುವೆ ಹಾಕಿಸ್ದೆ. ನಿಮಗೂ ಹೆಸರು ಬರುತ್ತೆ." ಪ್ರತಿಗಳು ಬೆಳಿಗ್ಗೆಯೇ ಅಂಗಡಿಗಳಿಗೆ ಹೋಗಿದ್ದವು. ಮಡಿಕೆಯನ್ನು ನೆಚ್ಚಿಕೊಂಡು ಅಕ್ಕನನ್ನು ಪುಟದ ನಟ್ಟನಡುವೆ ನಿಲ್ಲಿಸಿದವಳು ನಾನೇ.

ಅದೇ ದಿನ, ಮಧ್ಯಾಹ್ನ

ತಲೆನೋವೆಂದು ಹೇಳಿ ಮನೆಗೆ ಬಂದೆ. ಅಕ್ಕನ ಹತ್ತಿರ ಫೋನ್ ಇಲ್ಲ, ನಾವೇ ಬಿಸಾಡಿದ್ದೆವು. ಲಾಂಡ್ರಿಗೇ ಹೋಗೋಣವೆಂದು ಚಪ್ಪಲಿ ಮೆಟ್ಟುವಷ್ಟರಲ್ಲಿ ಭಾವನ ಫೋನ್.

"ನಡುಪುಟ ತುಂಬಾ ಚೆನ್ನಾಗಿದೆ ಕಣಮ್ಮ. ಪಿನ್ ಬಿಚ್ಚಿ, ಹಾಳೆ ತೆಗೆದಿಟ್ಕೊಂಡೆ." ಆಮೇಲೆ, "ನಗ್ತಾ ಇದಾಳಲ್ಲ," ಎಂದ.

ಅಷ್ಟೇ. ಇಟ್ಟುಬಿಟ್ಟ.

ಲಾಂಡ್ರಿಗೆ ಫೋನ್ ಮಾಡಿದೆ. ಯಜಮಾನತಿ ಎತ್ತಿದಳು. "ಈಗ ತಾನೆ ಹೊರಟ್ಲಮ್ಮ. ಅವಳ ಮನೆಯವರು ಬೆಳಿಗ್ಗೆನೇ ಫೋನ್ ಮಾಡಿ, ಎಷ್ಟೊತ್ತಿಗೆ ಬಿಡ್ತೀರಾ ಅಂತ ಕೇಳಿದ್ರು. ಅವಳಿಗೆ ಹೇಳ್ಬೇಡಿ, ಇದ್ದಕ್ಕಿದ್ದ ಹಾಗೆ ಬಂದು ಖುಷಿಪಡಿಸ್ತೀನಿ ಅಂದ್ರು. ಎಷ್ಟು ಒಳ್ಳೇ ಮಾತಿನವರು."

ಬೀದಿಯ ತಿರುವಿನವರೆಗೂ ಓಡಿದೆ. ಕಾಣಲಿಲ್ಲ. ಯಾವ ಬೀದಿಯಿಂದ ಬರುತ್ತಾಳೋ, ದಿನಾ ದಾರಿ ಬದಲಿಸುತ್ತಿರು ಎಂದು ಹೇಳಿಕೊಟ್ಟವಳೂ ನಾನೇ. ಪೊಲೀಸರಿಗೆ ಹೇಳಿದ್ದಾಯಿತು. ಯಾರನ್ನೋ ಕಳಿಸುತ್ತಾರಂತೆ. ವಾಪಸ್ ಬಂದು ಕುರ್ಚಿ ಬಾಗಿಲ ಬಳಿ ಎಳೆದಿಟ್ಟು ಕೂತಿದ್ದೇನೆ. ಸುಮ್ಮನೆ ಕೂರಲಾಗದೆ ಇದನ್ನು ಬರೆಯುತ್ತಿದ್ದೇನೆ. ಅವಳು ಒಬ್ಬಳೇ ಬಂದುಬಿಟ್ಟರೆ ಸಾಕು. ಇವತ್ತೇ ಊರು ಬಿಡುತ್ತೇವೆ, ಎಲ್ಲ ಹೇಳಿಬಿಡುತ್ತೇನೆ, ಬೈಯಲಿ, ಹೊಡೆಯಲಿ...

ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಚಟ್ ಚಟ್. ಅಕ್ಕನದೇ. ದೇವರೇ, ಅಕ್ಕನದೇ.

ಅದರ ಹಿಂದೆಯೇ ಬೂಟಿನ —