ಅಕ್ಕನಿಗೆ ಕೊಟ್ಟ ಮಾತ್ರೆ

ಮಾರ್ಚ್ ೧೧, ಮಂಗಳವಾರ

ಅಕ್ಕನಿಗೆ ಇವತ್ತೂ ಮಾತು ಸರಿಯಾಗಿ ಬರಲಿಲ್ಲ.

ಡಾಕ್ಟರು ಅವಳ ತೊಡೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಸ್ನಾಯುವಿನ ಉದ್ದಕ್ಕೂ ಅಕ್ಕಿಕಾಳಿನಂಥ ಬಿಳಿ ಗುರುತುಗಳು. ಲಾಡಿಹುಳುವಿನ ಮರಿಗಳು ಗೂಡು ಕಟ್ಟಿಕೊಂಡು ಎಂದೋ ಸತ್ತ ಜಾಗಗಳಿವು ಎಂದರು. ತಲೆಯೊಳಗಿನವು ಮಾತ್ರ ಮೊನ್ನೆಯವರೆಗೂ ಬದುಕಿದ್ದವು.

"ಇಷ್ಟು ವರ್ಷ ತೆಪ್ಪಗಿದ್ದವು ಒಂದೇ ಸಲ ಸತ್ತು ಮಿದುಳು ಊದಿದೆ. ಯಾರಾದ್ರೂ ಹುಳದ ಮಾತ್ರೆ ಕೊಟ್ರಾ?" ಎಂದು ಕೇಳಿದರು.

ಕೊಟ್ಟವನು ನಾನು. ಅವಳ ತೋಳಿನ ಗಂಟುಗಳನ್ನು ಒತ್ತಿ, ನನ್ನ ಹತ್ತಿರವಿದ್ದ ಆರೋಗ್ಯದ ಕಿರುಹೊತ್ತಿಗೆಯ ಚಿತ್ರಕ್ಕೆ ಹೋಲಿಸಿ, ಇದೇ ರೋಗ ಎಂದೆ. ರೋಗ ಅದೇ ಆಗಿತ್ತು. ತಲೆಯ ಸ್ಕ್ಯಾನ್ ಮಾಡಿಸದೆ ಮಾತ್ರೆ ಕೊಡಬಾರದೆಂದು ಆ ಹನ್ನೆರಡು ಪುಟಗಳಲ್ಲಿ ಎಲ್ಲೂ ಇರಲಿಲ್ಲ. ವೈದ್ಯರು ಬಡವರಿಂದ ವಿದ್ಯೆ ಬಚ್ಚಿಡುತ್ತಾರೆಂದು ಬೀದಿಬೀದಿಯಲ್ಲಿ ಕೂಗಿ ಆ ಹೊತ್ತಿಗೆಯನ್ನು ಹಂಚಿದವನೂ ನಾನೇ.

"ನಮ್ಮನೆ ಡಾಕ್ಟರಿಗೆ ಡಿಗ್ರಿ ಇಲ್ಲ, ಧಿಮಾಕು ಮಾತ್ರ ಇದೆ" ಎಂದು ನಗುತ್ತಲೇ ಅಕ್ಕ ಮಾತ್ರೆ ನುಂಗಿದ್ದಳು. ಮರುದಿನವೇ ಫಿಟ್ಸ್ ಬಂತು.

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದಳು: "ಇಲ್ಲ ಡಾಕ್ಟ್ರೇ. ನಮ್ಮ ಹುಡುಗ ಇದನ್ನೆಲ್ಲ ಓದ್ಕೊಂಡಿದಾನೆ. ಅವನಿರೋವಾಗ ಯಾರು ಕೊಡ್ತಾರೆ?"

ಡಾಕ್ಟರು ಹಾಗೆಯೇ ಬರೆದುಕೊಂಡರು.

ನಾಳೆ ಹೇಳಬೇಕು. ಅವಳಿಗೆ ಫಿಟ್ಸ್ ಬಂದ ದಿನವೇ ಇದು ಮಾತ್ರೆಯಿಂದಲೇ ಎಂದು ನನಗೆ ಅನುಮಾನವಿತ್ತು, ಆವತ್ತೂ ನಾಳೆ ಹೇಳೋಣ ಎಂದೇ ಮಲಗಿದ್ದೆ.