ಆ ದಿನ ನಾಯಿ ಇರಲೇ ಇಲ್ಲ

ಬಂಟ್ವಾಳ
೧೨–೨–೨೦೨೫

ಪ್ರೀತಿಯ ತರುಣಣ್ಣಾ,

ಮಸ್ಕತ್ತಿನಲ್ಲಿ ನಿನ್ನ ಕೆಮ್ಮು ಹೇಗುಂಟು? ಎಸಿಯ ಕೆಳಗೆ ಮಲಗಬೇಡ ಎಂದರೆ ಕೇಳುವವನಲ್ಲ ನೀನು. ಅಪ್ಪನ ಮೊಣಕಾಲು ಪರವಾಗಿಲ್ಲ. ಅಮ್ಮ ನಿನ್ನ ನಿಶ್ಚಿತಾರ್ಥದ ಸೀರೆಗಳಲ್ಲಿ ಮುಳುಗಿದ್ದಾಳೆ. ಫೋನಿನಲ್ಲಿ ಮಾತಾಡಿದರೆ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂರುತ್ತಾಳೆ. ಅದಕ್ಕೇ ಈ ಕಾಗದವನ್ನು, ರಜೆ ಮುಗಿಸಿ ಹೊರಟಿರುವ ನಿನ್ನ ಗೆಳೆಯ ಮುಝಮ್ಮಿಲ್‌ನ ಕೈಯಲ್ಲಿ, ಹಪ್ಪಳದ ಕಟ್ಟಿನೊಳಗಿಟ್ಟು ಕಳಿಸುತ್ತಿದ್ದೇನೆ.

ಕಾರಿನ ಇನ್ಶೂರೆನ್ಸ್ ಈ ಸಲ ಏರಿದ್ದು ನೋಡಿ, "ನಿನ್ನ ಡ್ರೈವಿಂಗಿಗೆ ದಂಡ ನಾನು ಕಟ್ಟಬೇಕಾ" ಎಂದು ಬೈದೆಯಲ್ಲ, ಅದಕ್ಕೆ ಉತ್ತರ ಇದು. ಮನೆಯವರು ನಿನಗೆ ಹೇಳಿದ್ದು ಸುಳ್ಳು: ಮುಂಡಾಜೆಯಲ್ಲಿ ನಾಯಿ ಅಡ್ಡ ಬರಲಿಲ್ಲ. ನಾನು ಯಾವ ಕಟ್ಟೆಗೂ ಗುದ್ದಲಿಲ್ಲ. ಅತ್ತೆಯ ಮನೆಯ ಗೃಹಪ್ರವೇಶದ ಊಟ ಮುಗಿಸಿ, ಅಂಗಳದ ಬದಿಯಲ್ಲಿ ಎಂಜಿನ್ ಆರಿಸಿ, ಅಮ್ಮನಿಗಾಗಿ ಕಾಯುತ್ತಿದ್ದೆ. ಚಿನ್ನಯ್ಯ ಮಾವ, ಹೌದು, ನೀನು ಮದುವೆಯಾಗಲಿರುವ ಜ್ಯೋತ್ಸ್ನಾಳ ಅಪ್ಪನೇ, ಹಿಂದೆ ನೋಡದೆ ಜೀಪನ್ನು ಹಿಂದಕ್ಕೆ ತೆಗೆದರು. ಹಾರ್ನ್ ಒತ್ತಿಯೇ ಒತ್ತಿದೆ. ಕಾರಿನ ಮೂತಿ ಪುಡಿಯಾಯಿತು. ಊಟಕ್ಕೆ ಬಂದಿದ್ದ ಹಿರಿಯರೆಲ್ಲ ಸುತ್ತುವರಿದು, ಬೊಂಡ ಕೆತ್ತಿಸಿ ಎಳನೀರು ಹಂಚಿದರು. ನಮ್ಮಲ್ಲಿ ಜಗಳದ ನಡುವೆ ಬೊಂಡ ಕೈಗೆ ಬಂತೆಂದರೆ ರಾಜಿ ಆಯಿತೆಂದೇ ಅರ್ಥ. "ಸಂಬಂಧ ಕೂಡುವ ಹೊತ್ತಿಗೆ ಪೋಲೀಸು ಯಾಕೆ ಮಾರಾಯ್ತಿ, ಇನ್ಶೂರೆನ್ಸ್ ಉಂಟಲ್ಲ" ಎಂದರು ದೊಡ್ಡಪ್ಪ. "ನಾಯಿ ಬಂತು ಅಂತ ಬರೆಯುವ, ನಾಯಿ ಏನು ಕೋರ್ಟಿಗೆ ಬರ್ತದಾ?" ಎಂದು ಚಿನ್ನಯ್ಯ ಮಾವ ನಕ್ಕರು. ನಾನು ಬೊಂಡ ಮುಟ್ಟಲಿಲ್ಲ. "ಬಳಕೆದಾರರ ಕರಪತ್ರ ಓದಿ ಓದಿ ಇವಳಿಗೆ ಬಾಯಾರಿಕೆಯೂ ಹೋಯ್ತು" ಎಂದು ಅದಕ್ಕೂ ಮಾವನೇ ನಕ್ಕರು. ಕ್ಲೈಮ್ ಅರ್ಜಿಯಲ್ಲಿ ಓಡಿಸಿದವಳೆಂದು ನನ್ನ ಸಹಿಯನ್ನೂ ಅಪ್ಪನೇ ಹಾಕಿದರು.

ನಿನ್ನೆ ಇನ್ಶೂರೆನ್ಸ್ ಕಚೇರಿಯಲ್ಲಿ ಜಗಳವಾಡಿ ಬಂದೆ. ತಪ್ಪು ಯಾರದೇ ಇರಲಿ, ನಮ್ಮ ಪಾಲಿಸಿಯಿಂದ ರಿಪೇರಿ ಮಾಡಿಸಿದರೆ, ಕ್ಲೈಮ್ ಮಾಡದ ವರ್ಷಗಳಿಗೆ ಸಿಗುತ್ತಿದ್ದ ರಿಯಾಯಿತಿ ಪೂರ್ತಿ ಹೋಗುತ್ತದಂತೆ. "ಬೇರೆ ಗಾಡಿ ಗುದ್ದಿದ್ದರೆ ಅದರ ಇನ್ಶೂರೆನ್ಸಿನಿಂದ ಕೇಳಬಹುದಿತ್ತು ಮೇಡಂ. ನೀವು ಗುದ್ದಿದ್ದು ಕಟ್ಟೆಗಲ್ವಾ? ಕಟ್ಟೆಗೆ ಇನ್ಶೂರೆನ್ಸ್ ಉಂಟಾ?" ಎಂದ ಅಲ್ಲಿಯ ಗುಮಾಸ್ತ. ನಾನು ಓದಿದ ಬಳಕೆದಾರರ ಕರಪತ್ರಗಳಲ್ಲೆಲ್ಲ 'ಪ್ರಶ್ನಿಸಿ' ಎಂದು ದಪ್ಪಕ್ಷರದಲ್ಲಿ ಉಂಟು. ಪ್ರಶ್ನಿಸಬೇಕಾದವರು ನಮ್ಮದೇ ಜಗಲಿಯಲ್ಲಿ ಕೂತಿದ್ದರೆ ಏನು ಮಾಡಬೇಕೆಂದು ಯಾವುದರಲ್ಲೂ ಇಲ್ಲ.

ನನಗೆ ಉರಿಯುವುದು ಹಣಕ್ಕಲ್ಲ ಅಣ್ಣಾ. ಮೊನ್ನೆ ಮೂಡುಬಿದಿರೆ ಪೇಟೆಯಲ್ಲಿ ಚಿನ್ನಯ್ಯ ಮಾವ ಎಲ್ಲರೆದುರು, "ಸುಪ್ರೀತಾ, ನಾಯಿ ನೋಡಿಕೊಂಡು ಓಡಿಸು ಆಯ್ತಾ" ಎಂದರು. ತಮ್ಮ ಸುಳ್ಳನ್ನು ತಾವೇ ನಂಬಿಬಿಟ್ಟಿದ್ದಾರೆ. ಊರಿಗೆಲ್ಲ ನಾನೀಗ ಓಡಿಸಲು ಬಾರದ ಹುಡುಗಿ; ಅಮ್ಮ ಕೀಲಿಕೈಯನ್ನೂ ಎತ್ತಿಟ್ಟಿದ್ದಾಳೆ. ಪಾಲಿಸಿ ನಿನ್ನ ಹೆಸರಿನದು, ಕಂಪೆನಿಗೆ ನಿಜ ಬರೆಯಬೇಕಾದವನು ನೀನು. ಪಡೆದ ಹಣ ಹಿಂದಿರುಗಿಸಬೇಕಾದೀತು. ಸಂಬಂಧ ಮುರಿದೀತು ಎಂದು ಅಮ್ಮ ಹೆದರುತ್ತಾಳೆ. ನಿಂತ ಕಾರಿನ ನಿಜವನ್ನೇ ತಾಳಿಕೊಳ್ಳದ ಸಂಬಂಧ ಬದುಕಿಡೀ ಇನ್ನೇನನ್ನು ತಾಳೀತು?

ಪೊಳಲಿಯ ತಾಯಿ ನಿನಗೆ ಆರೋಗ್ಯ ಕೊಡಲಿ. ಧೈರ್ಯವನ್ನು ನೀನೇ ಹುಡುಕಿಕೊ.

ನಿನ್ನ ತಂಗಿ,
ಸುಪ್ರೀತಾ

ತಾ.ಕ.: ಮುಝಮ್ಮಿಲ್ ಅಂಗಳಕ್ಕೆ ಬಂದಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಈಗಷ್ಟೇ ಜ್ಯೋತ್ಸ್ನಾ ಫೋನ್ ಮಾಡಿದ್ದಳು. ಆ ದಿನ ಅವಳೂ ಜೀಪಿನಲ್ಲಿದ್ದಳು. "ಅಪ್ಪಾ, ಹಿಂದೆ ಕಾರುಂಟು" ಎಂದು ಕೂಗಿದ್ದಳಂತೆ. ಸಾಕ್ಷಿ ಬರೆದುಕೊಡಲು ತಯಾರಿದ್ದಾಳೆ. ಅವಳು ಕೇಳಿದ್ದು ಇಷ್ಟೇ: "ತರುಣ್‌ಗೆ ಇದು ಗೊತ್ತುಂಟಾ? ಗೊತ್ತಿದ್ದೂ ಸುಮ್ಮನಿದ್ದಾರಾ?" ಅಣ್ಣನಿಗೆ ಗೊತ್ತಿಲ್ಲ ಎಂದೆ. ಈ ಕಾಗದ ಓದಿದ ಮೇಲೆ ನಿನಗೆ ಗೊತ್ತು. ನನಗೆ ಉತ್ತರ ಬರೆಯಬೇಡ; ಅವಳು ಕಾಯುತ್ತಿದ್ದಾಳೆ.